ಉರಿ ತೆಗೆಯುವ ಹೊತ್ತು

ಬುಧವಾರ ಮಧ್ಯಾಹ್ನ ಕರೆಂಟು ಹೋಗಿ
ಹಳೇ ಬ್ಲಾಕಿನ ಸರ್ವರು ಕಣ್ಣು ಮುಚ್ಚಿತು.
ಇತ್ತ ಜವಳಿ ವಿಭಾಗದ ನಲವತ್ತು ಕಂಪ್ಯೂಟರೂ
ಕೂತಲ್ಲೇ ಕಲ್ಲಾದವು.
ಅದರ ಕಡತ ಯಾರೂ ಮುಟ್ಟಿರಲಿಲ್ಲ ಆಗ.
ಆದರೂ ನಲವತ್ತೂ ಅದರ ಸೆರಗು ಹಿಡಿದೇ ಇದ್ದವು,
ಬೆಳಿಗ್ಗೆ ಯಾವಾಗಲೋ ಒಮ್ಮೆ ಹಿಡಿದದ್ದು,
ಬಿಡಲು ಮರೆತದ್ದು.

ಮೀಟಿಂಗು ಕರೆದರು.
ಮುಟ್ಟಿದಾಗ ತಾನೇ ಸೇರಿಕೊಳ್ಳುತ್ತದೆ, ಸರಿ,
ಸುಮ್ಮನಿದ್ದರೆ ಕಳಚಬೇಕಾದ್ದು ಎಷ್ಟು ಹೊತ್ತಿಗೆ?
ಬಕ್ಕೇಶ ಅಂದ: ಒಂದು ನಿಮಿಷ. ಕೆಲಸ ಮುಗಿದ ಮೇಲೆ
ಹೊಸ್ತಿಲ ಮೇಲೆ ಏನು ಮಾತು?
ಸರ್ವಮಂಗಳಾ ಮೇಡಂ ಅಂದರು: ಕಳಚಲೇಬೇಡಿ.
ಸೀರೆಯಂಚಿನ ನಕ್ಷೆ ತೆರೆಯಲು ಪ್ರತಿ ಸಲ
ಬಾಗಿಲು ತಟ್ಟಿ ನಿಲ್ಲೋಕೆ
ನಾನೇನು ಕೈಗಡ ಕೇಳೋಕೆ ಬಂದೋಳಾ?
ಇಬ್ಬರದೂ ಸರಿ. ಅದೇ ಕಷ್ಟ.
ನಾನು ಚಹಾದ ಲೋಟ ಪಕ್ಕಕ್ಕಿಟ್ಟು ಬರೆದೆ:
ಮುನ್ನೂರು ಸೆಕೆಂಡು.

ಕಳಚಲಿಲ್ಲ.
ಗುರುವಾರ ಇಲ್ಲ, ಶುಕ್ರವಾರ ಇಲ್ಲ.
ನಾಲ್ಕು ನಿಮಿಷಕ್ಕೊಮ್ಮೆ ಒಳಹೋಗಿ ನೋಡಿ ಬರಲು
ಒಂದು ಸ್ಕ್ರಿಪ್ಟು ಇಟ್ಟಿದ್ದೆ, ನಾನೇ ಬರೆದದ್ದು, ನಂಬಿಗಸ್ತ.
ರಾತ್ರಿಯೆಲ್ಲ ಅದರದೊಂದೇ ವರದಿ:
ಒಳಗೆ ಯಾರೂ ಇಲ್ಲ, ಮೌಂಟ್ ಹಾಗೇ ಇದೆ.
ಒಳಗೆ ಯಾರೂ ಇಲ್ಲ, ಮೌಂಟ್ ಹಾಗೇ ಇದೆ.
ಕೈಪಿಡಿ ತಿರುವಿದೆ. ಕರ್ನಲ್ಲನ್ನು ಬೈದೆ.
ಬಕ್ಕೇಶ ನನ್ನನ್ನು ನೋಡಿ ನಗದೆ ನಕ್ಕ.

ಶನಿವಾರ ಸಂಜೆ ಅಶೋಕ ರಸ್ತೆಯ ಗೇಟು ಬಿದ್ದಿತ್ತು,
ಗಾಡಿ ತಿರುಗಿಸಿ ಭಟ್ಟಿ ಓಣಿಗೆ ಹೋದೆ.
ಗೋಡೆ, ತಗಡು, ಆಡು, ಎಲ್ಲಕ್ಕೂ ಒಂದೇ ಮಸಿ.
ಚಮನ್‌ಬೀ ಬಾಣಲೆಯ ಕಾದ ಮರಳಲ್ಲಿ
ಅಕ್ಕಿ ಎಸೆದು ಮೂರೆಣಿಸುವಷ್ಟರಲ್ಲಿ
ಮಂಡಕ್ಕಿ ಬೆಳ್ಳಗೆ ಎದ್ದು ಬರುತ್ತಿತ್ತು.
ಕಡೆಯ ಚೀಲ ಹೊಲಿದು ಆಟೋಗೆ ಏರಿಸಿದರು.
ಅವಳು ಮತ್ತೆ ಒಂದು ಮೊರ ಹೊಟ್ಟು ಒಲೆಗೆ ಸುರಿದಳು.

ಕೇಳಿದೆ: ಉರಿ ಯಾವಾಗ ತೆಗೀತೀರಿ?
ಅಂದಳು: ಬೇಗ ತೆಗುದ್ರ ಮಳ್ಳು ಆರ್ತತಿ,
ಮತ್ತ ಕಾಯಾಕ ಅರ್ಧ ತಾಸು.
ತಡ ಮಾಡಿದ್ರ ಹೊಟ್ಟು ದಂಡ.
ಲೆಕ್ಕ ಐತೇನು ಅಂದೆ. ಬರೋರು ಬರದಿದ್ರ ತೆಗೀತೀನಿ ಅಂದಳು.
ಬರಲ್ಲ ಅಂತ ಹ್ಯಾಂಗ್ ಗೊತ್ತಾಗ್ತದೆ ಅಂದೆ.
ಇನ್ನೊಂದು ಮೊರ ಸುರಿದು, ಬೆವರು ಒರೆಸಿ,
ನನ್ನ ಮುಖ ನೋಡಿದಳು:

ತಗೊಳೋದಾದ್ರ ತಗಾ, ಇಲ್ಲಾ ಹೋಗಪಾ.
ನೀನು ನಿಂತೀದಿ ಅಂತಲೇ
ಇನ್ನಾ ಉರಿ ಹಾಕ್ತಾ ಕುಂತೀನಿ.

ಅರ್ಧ ಸೇರು ಕಟ್ಟಿಸಿಕೊಂಡೆ.
ಗೇಟು ಎದ್ದಿತ್ತೋ ಬಿದ್ದಿತ್ತೋ ನೆನಪಿಲ್ಲ.
ನಿದ್ದೆ ಬಂತಾ, ನಿದ್ದೆ ಬಂತಾ ಎಂದು
ನಾಲ್ಕು ನಿಮಿಷಕ್ಕೊಮ್ಮೆ ಹೊದಿಕೆ ಎತ್ತಿ ಕೇಳಿದವನು ನಾನು,
ಇನ್ನೂ ಎಚ್ಚರ ಎಂದು ದೂರು ಬರೆದವನೂ ನಾನು.

ಲ್ಯಾಬಿನ ಬೀಗ ತೆಗೆದು ಒಂದು ಸಾಲು ಅಳಿಸಿದೆ.
ಆಮೇಲೆ ಏನೂ ಮಾಡಬಾರದು ಎಂಬುದೇ ಕೆಲಸ.
ಕೈ ತುರಿಸಿತು. ಕೈ ತುಂಬ ಮಂಡಕ್ಕಿ ಕೊಟ್ಟೆ ಅದಕ್ಕೆ.
ಮುನ್ನೂರು ಸೆಕೆಂಡು ಎಷ್ಟುದ್ದ ಎಂದು
ಬರೆದವನಿಗೆ ಗೊತ್ತೇ ಇರಲಿಲ್ಲ:
ಮೊದಲು ಫ್ಯಾನಿನ ಸದ್ದು ಕೇಳುತ್ತದೆ,
ಆಮೇಲೆ ಹಲ್ಲಿಯದು,
ಆಮೇಲೆ ಹರಿಹರದ ಕಡೆ ಹೋಗುವ ಗೂಡ್ಸ್ ರೈಲಿನ
ಒಂದೊಂದೇ ಡಬ್ಬಿ.

ಬಾಗಿಲು ತೆರೆಯದೆ ಓದಬಹುದಾದ ಪಟ್ಟಿಯೊಂದಿದೆ,
ಹೊರಗೇ ತೂಗುಹಾಕಿದ್ದು, ಯಾರನ್ನೂ ಎಬ್ಬಿಸದ್ದು.
ಅದನ್ನು ಓದಿದೆ.
ಮೂವತ್ತೊಂಬತ್ತು ಬಿಟ್ಟಿದ್ದವು.
ಹದಿನೇಳನೆಯದು ಬಿಟ್ಟಿರಲಿಲ್ಲ. ಯಾರೋ ಹುಡುಗಿ
ಟರ್ಮಿನಲ್ ತೆರೆದು, ತನ್ನ ಫೋಲ್ಡರಿನೊಳಗೆ ಹೋಗಿ,
ಏನೂ ಮಾಡದೆ, ಹಾಗೇ ಬಿಟ್ಟು
ಬಸ್ಸಿಗೆ ಓಡಿದ್ದಳು.

ನಿಂತಿರಲಿ.
ಅದು ಬೇರೆ ಲೆಕ್ಕ, ಸೋಮವಾರಕ್ಕೆ.